ಹೊಸ ಕಂಪ್ಯೂಟರ್ ಬೇಡ, ಹೊಸ ಡಿಸ್ಕ್ ಸಾಕು

ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಮನೆಗಳಲ್ಲಿ ಈಗ ಒಂದೇ ಬಗೆಯ ಕಂಪ್ಯೂಟರ್ ಕಾಣುತ್ತದೆ. ದಪ್ಪ ನಿಘಂಟಿನಷ್ಟೇ ಗಾತ್ರದ ಕಪ್ಪು ಡಬ್ಬಿ. ಯಾವುದೋ ಬ್ಯಾಂಕಿನಲ್ಲೋ ಬೆಂಗಳೂರಿನ ಯಾವುದೋ ಕಂಪನಿಯಲ್ಲೋ ನಾಲ್ಕೈದು ವರ್ಷ ದುಡಿದು, ಅಲ್ಲಿಂದ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದು, ಅಲ್ಲಿಂದ ನಮ್ಮ ಮನೆಯ ಮೇಜಿಗೆ ಬಂದಿರುತ್ತದೆ. ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿ ಇಲ್ಲದ ಮನೆಗೆ ಇದೊಂದು ಒಳ್ಳೆಯ ದಾರಿ. ಹಳೆಯ ಟಿವಿಗೋ ಮಾನಿಟರಿಗೋ ಜೋಡಿಸಿದರೆ ಕೆಲಸ ಶುರು.

ಆದರೆ ಕೆಲವೇ ತಿಂಗಳಲ್ಲಿ ದೂರು ಕೇಳಿಬರುತ್ತದೆ: ಆನ್ ಆಗಲು ಐದಾರು ನಿಮಿಷ, ವರ್ಡ್ ತೆರೆಯಲು ಇನ್ನೆರಡು ನಿಮಿಷ, ಬ್ರೌಸರ್ ತೆರೆದರೆ ಎಲ್ಲವೂ ನಿಂತೇಹೋಗುತ್ತದೆ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ನಮಗೆಲ್ಲ ಗೊತ್ತು: "ಇದು ಹಳೇ ಸೆಟ್ಟು ಭಾಯ್, ಇನ್ನೆಷ್ಟು ದಿನ ಎಳೀತೀರಿ? ಹೊಸದು ತಗೊಳ್ಳಿ." ಅಬ್ಬಾ ಲೆಕ್ಕ ಹಾಕುತ್ತಾರೆ, ಆಗುವುದಿಲ್ಲ ಎನ್ನುತ್ತಾರೆ, ಡಬ್ಬಿ ಮೂಲೆ ಸೇರುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಇಂಥ ಡಬ್ಬಿಗಳಲ್ಲಿ ಹೆಚ್ಚಿನವು ಮುದಿಯಾಗಿಲ್ಲ. ಅವುಗಳೊಳಗಿನ ಒಂದೇ ಒಂದು ಭಾಗ, ಅಂದರೆ ಹಾರ್ಡ್ ಡಿಸ್ಕ್, ಇಂದಿನ ಕೆಲಸಕ್ಕೆ ಸಾಲದಾಗಿದೆ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಯಂತ್ರ ಇನ್ನೂ ಕೆಲವು ವರ್ಷ ಓದಿಗೆ ಬರುತ್ತದೆ. ಆದರೆ ಆ ಎಸ್‌ಎಸ್‌ಡಿಯನ್ನು ಆರಿಸುವಾಗಲೂ ನಾವು ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬಾರದು. ಅಗತ್ಯವಿಲ್ಲದ ವೇಗಕ್ಕೆ ಕೊಟ್ಟ ಹಣವೂ ಇಸ್ರಾಫೇ.

ನಿಧಾನ ಎಲ್ಲಿಂದ ಬರುತ್ತದೆ?

ಇದಕ್ಕೆ ಪ್ರಥಮ ಪಿಯುಸಿಯ ಭೌತಶಾಸ್ತ್ರ ಸಾಕು. ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಲ್ಯಾಪ್‌ಟಾಪ್ ಗಾತ್ರದ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್. ಅದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ನಮಗೆ ಬೇಕಾದ ಮಾಹಿತಿ ತಟ್ಟೆಯ ಯಾವ ಮೂಲೆಯಲ್ಲಿದೆಯೋ ಅದು ಓದುವ ಮುಳ್ಳಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು: ಐದೂವರೆ ಮಿಲಿಸೆಕೆಂಡ್. ಮುಳ್ಳು ಸರಿಯಾದ ಸಾಲಿಗೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಒಟ್ಟು ಸೇರಿಸಿದರೆ, ಅಲ್ಲಲ್ಲಿ ಚದುರಿರುವ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಹುಡುಕಿ ಕೊಡಬಲ್ಲದು.

ವಿಂಡೋಸ್ ಆನ್ ಆಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಕೇಳುತ್ತದೆ. ಒಬ್ಬನೇ ಅಟೆಂಡರ್ ಇರುವ ಗ್ರಂಥಾಲಯದಲ್ಲಿ ನೂರು ಮಂದಿ ಒಟ್ಟಿಗೆ ಪುಸ್ತಕ ಕೇಳಿದಂತೆ. ಅಟೆಂಡರ್ ಸೋಮಾರಿಯಲ್ಲ, ಓಡುತ್ತಲೇ ಇದ್ದಾನೆ. ಆದರೆ ಪ್ರತಿ ಪುಸ್ತಕಕ್ಕೂ ಒಂದು ಸಲ ಕಪಾಟಿನ ತನಕ ಹೋಗಿಬರಬೇಕು. ಪ್ರೊಸೆಸರ್ ಮಾತ್ರ ಕೈಕಟ್ಟಿ ಕುಳಿತು ಕಾಯುತ್ತಿರುತ್ತದೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದರಲ್ಲಿರುವುದು ಫ್ಲ್ಯಾಶ್ ಚಿಪ್‌ಗಳು. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ರೂಪಿಸಿದ ತಂತ್ರಜ್ಞಾನ ಇದು. ನಮ್ಮ ಮೊಬೈಲಿನ ಮೆಮೊರಿ, ಪೆನ್‌ಡ್ರೈವ್ ಎಲ್ಲವೂ ಅದರ ಮಕ್ಕಳೇ. ಚಿಪ್‌ನ ಯಾವ ಮೂಲೆಯನ್ನಾದರೂ ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ತಲುಪಬಹುದು. ಅದೂ ಒಂದೇ ಸಲಕ್ಕೆ ಹಲವು ಬೇಡಿಕೆಗಳನ್ನು ಜೊತೆಜೊತೆಗೆ ಪೂರೈಸಬಹುದು. ಐದು ನಿಮಿಷದ ಕಾಯುವಿಕೆ ಅರ್ಧ ನಿಮಿಷದ ಆಸುಪಾಸಿಗೆ ಇಳಿಯುವುದು ಇದರಿಂದಲೇ.

ಆದರೂ ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ, ಇದಕ್ಕೆ ಅಂಗಡಿಯವರು ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಪ್ಯೂಟರ್ ಒದ್ದಾಡುತ್ತಿರುವಾಗ ಡಿಸ್ಕ್ ಎಂಬ ಕಂಬದಲ್ಲಿ 100 ಪರ್ಸೆಂಟ್ ಎಂದು ಕಾಣುತ್ತಿದ್ದು, ಸಿಪಿಯು ಹತ್ತಿಪ್ಪತ್ತರಲ್ಲೇ ಇದ್ದರೆ ತಪ್ಪು ಡಿಸ್ಕಿನದು. ಮೆಮೊರಿ 90 ದಾಟಿದ್ದರೆ ಮೊದಲು ರ್‍ಯಾಮ್ ನೋಡಬೇಕು. 4 ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಜೊತೆಗೆ ಇನ್ನೊಂದು 4 ಜಿಬಿ ಸೇರಿಸಿದರೆ ಮಾತ್ರ ಪೂರ್ತಿ ಪ್ರಯೋಜನ. ಸಿಪಿಯು ಸದಾ 100ರಲ್ಲೇ ಇದ್ದರೆ ಡಿಸ್ಕ್ ಬದಲಿಸಿ ಫಲವಿಲ್ಲ.

ಮೊದಲು ಡಬ್ಬಿ ತೆರೆಯಿರಿ, ಆಮೇಲೆ ಮಾರುಕಟ್ಟೆಗೆ ಹೋಗಿ

ಎಸ್‌ಎಸ್‌ಡಿ ಎಂಬುದು ಒಂದೇ ವಸ್ತುವಲ್ಲ. ನಮ್ಮ ಡಬ್ಬಿಗಳಿಗೆ ಹೊಂದುವಂಥವು ಮೂರು ಬಗೆ.

ಮೊದಲನೆಯದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ, ಅದೇ ಕನೆಕ್ಟರಿಗೇ ಕೂರುತ್ತದೆ. ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಇರುವ ಡೆಲ್ ಆಪ್ಟಿಪ್ಲೆಕ್ಸ್ 3020 ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಎಂ93ಪಿ ಟೈನಿಯಂಥ ಯಂತ್ರಗಳಿಗೆ ಇದೇ ದಾರಿ.

ಎರಡನೆಯದು ಎಂ.2 ಆಕಾರದ್ದು. ಚ್ಯೂಯಿಂಗ್ ಗಮ್ ಪಟ್ಟಿಯಂಥ ತೆಳ್ಳನೆಯ ಹಲಗೆ. 2280 ಎಂದು ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಇದರಲ್ಲೇ ಎರಡು ಜಾತಿ: ಒಂದು ಸಾಟಾ ಭಾಷೆ ಮಾತನಾಡುವುದು, ಇನ್ನೊಂದು ಎನ್‌ವಿಎಂಇ ಭಾಷೆ ಮಾತನಾಡುವುದು. ನೋಡಲು ಅಣ್ಣತಮ್ಮಂದಿರಂತೆ ಒಂದೇ ಥರ. ಸಾಟಾ ಜಾತಿಯದಕ್ಕೆ ಸಾಮಾನ್ಯವಾಗಿ ತುದಿಯಲ್ಲಿ ಎರಡು ಕಚ್ಚು, ಎನ್‌ವಿಎಂಇಗೆ ಹೆಚ್ಚಾಗಿ ಒಂದು. ಒಂದರ ಜಾಗದಲ್ಲಿ ಇನ್ನೊಂದನ್ನು ತಂದರೆ ಸ್ಲಾಟಿನೊಳಗೆ ಕೂತರೂ ಕಂಪ್ಯೂಟರ್ ಅದನ್ನು ಗುರುತಿಸದೇ ಹೋಗಬಹುದು. ಆಪ್ಟಿಪ್ಲೆಕ್ಸ್ 3050 ಮೈಕ್ರೋ, ಥಿಂಕ್‌ಸೆಂಟರ್ ಎಂ710ಕ್ಯೂ ಟೈನಿಯಂಥ ಯಂತ್ರಗಳಲ್ಲಿ ಎನ್‌ವಿಎಂಇಗೆ ಎಂ.2 ಸ್ಲಾಟ್ ಕೂಡ ಇದೆ, ಎರಡೂವರೆ ಇಂಚಿನ ಜಾಗ ಕೂಡ ಇದೆ.

ಇಲ್ಲಿ ಒಂದು ಎಚ್ಚರಿಕೆ. ಡಬ್ಬಿ ತೆರೆದಾಗ ಚಿಕ್ಕದೊಂದು ಎಂ.2 ಸ್ಲಾಟ್ ಕಂಡಿತೆಂದು ಖುಷಿಪಡಬೇಡಿ. ಅದು ವೈಫೈ ಕಾರ್ಡಿನದೂ ಆಗಿರಬಹುದು. ಅದರಲ್ಲಿ ಈ ಡಿಸ್ಕ್ ಕೂರುವುದಿಲ್ಲ. ಆದ್ದರಿಂದ ಕಂಪ್ಯೂಟರಿನ ಮಾಡೆಲ್ ಸಂಖ್ಯೆಯನ್ನು ಅದರ ಬೆನ್ನಿನ ಚೀಟಿಯಿಂದ ಬರೆದುಕೊಂಡು, ತಯಾರಕರ ಕೈಪಿಡಿಯಲ್ಲಿ ಯಾವ ಸ್ಲಾಟ್ ಯಾವುದಕ್ಕೆ ಎಂದು ನೋಡಿ, ಒಳಭಾಗದ ಒಂದು ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಆಮೇಲೆ ಅಂಗಡಿಗೆ ಹೋಗಿ. "ಯಾವುದಾದ್ರೂ ಒಳ್ಳೇ ಎಸ್‌ಎಸ್‌ಡಿ ಕೊಡಿ" ಎಂದು ಕೇಳುವ ಗಿರಾಕಿಗೆ ಅಂಗಡಿಯಲ್ಲಿ ಉಳಿದದ್ದು ಸಿಗುತ್ತದೆ.

ವೇಗದ ಸಂಖ್ಯೆಗಳ ಮೋಹ

ಸಾಟಾ ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ ಸುಮಾರು 550 ಎಂಬಿ ಎಂದಿರುತ್ತದೆ. ಸಾಟಾ ದಾರಿಯ ಮಿತಿಯೇ ಅಷ್ಟು. ಮೂರನೆಯ ತಲೆಮಾರಿನ ಎನ್‌ವಿಎಂಇಗೆ 3500ರವರೆಗೆ, ನಾಲ್ಕನೆಯದಕ್ಕೆ 7000ದವರೆಗೆ ಬರೆದಿರುತ್ತಾರೆ. ನೋಡಿದ ಕೂಡಲೇ 550 ಎಂಬುದು ಬಡಪಾಯಿಯಂತೆ ಕಾಣುತ್ತದೆ. ನಮ್ಮ ವಯಸ್ಸಿನವರು ಬೈಕಿನ ಸಿಸಿ, ಮೊಬೈಲಿನ ಮೆಗಾಪಿಕ್ಸೆಲ್ ನೋಡುವಂತೆಯೇ ಇದನ್ನೂ ನೋಡುತ್ತೇವೆ.

ಆದರೆ ಆ ಸಂಖ್ಯೆಗಳು ಒಂದೇ ದೊಡ್ಡ ಫೈಲನ್ನು ಸತತವಾಗಿ ಓದುವಾಗಿನ ವೇಗ. ದಿನವಿಡೀ ದೊಡ್ಡ ವಿಡಿಯೊ ಎಡಿಟ್ ಮಾಡುವವರಿಗೆ ಅದರ ಲಾಭ ಉಂಟು. ನಾವು ಮಾಡುವುದೇನು? ಪೈಥಾನ್ ಪ್ರೋಗ್ರಾಂ ಬರೆಯುವುದು, ಮೈಎಸ್‌ಕ್ಯೂಎಲ್ ಟೇಬಲ್ ಮಾಡುವುದು, ಕಾಮರ್ಸ್‌ನವರಾದರೆ ಟ್ಯಾಲಿ, ನೀಟ್ ಮತ್ತು ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ತೆರೆಯುವುದು, ಒಂದು ವಿಡಿಯೊ ಪಾಠ ನೋಡುವುದು. ಇವೆಲ್ಲ ಸಣ್ಣ ಸಣ್ಣ ಫೈಲುಗಳ ಕೆಲಸ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗಿನ ವ್ಯತ್ಯಾಸ ಇಂಥ ಕೆಲಸದಲ್ಲಿ ಗಡಿಯಾರ ಹಿಡಿದು ಅಳೆದರೆ ಮಾತ್ರ ಗೊತ್ತಾದೀತು. ಊರಿನ ಹೊರಗೆ ಎಂಟು ಪಥದ ಹೆದ್ದಾರಿ ಬಂದರೂ ನಮ್ಮ ಮನೆಯ ಓಣಿಯಲ್ಲಿ ಆಟೋ ಹೋಗುವುದು ಓಣಿಯ ವೇಗದಲ್ಲೇ.

ಅಷ್ಟೇ ಅಲ್ಲ, ಮೂರನೆಯ ತಲೆಮಾರಿನ ಸ್ಲಾಟಿಗೆ ನಾಲ್ಕನೆಯ ತಲೆಮಾರಿನ ಡಿಸ್ಕ್ ಹಾಕಿದರೆ ಅದು ಕೆಲಸ ಮಾಡುತ್ತದೆ, ಆದರೆ ಮೂರನೆಯದರ ವೇಗದಲ್ಲಿ. ಹೆಚ್ಚಿಗೆ ಕೊಟ್ಟ ಹಣ ಆ ಡಬ್ಬಿಯೊಳಗೆ ಎಂದಿಗೂ ಹೊರಗೆ ಬರುವುದಿಲ್ಲ.

ಹಾಗೆಂದು ಎನ್‌ವಿಎಂಇಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ಯಂತ್ರದಲ್ಲಿ ಅದಕ್ಕೆ ಸ್ಲಾಟ್ ಇದ್ದು, ಬೆಲೆಯೂ ಸಾಟಾದಷ್ಟೇ ಇದ್ದರೆ ಸಾಧಾರಣ ಎನ್‌ವಿಎಂಇಯನ್ನೇ ತೆಗೆದುಕೊಳ್ಳಿ. ಅದರಿಂದ ಇನ್ನೊಂದು ಲಾಭವಿದೆ: ಹಳೆಯ ಹಾರ್ಡ್ ಡಿಸ್ಕನ್ನು ಅದರ ಜಾಗದಲ್ಲೇ ಬಿಟ್ಟು, ವಿಡಿಯೊ ಪಾಠ, ಫೋಟೊಗಳನ್ನು ಅದರಲ್ಲಿ ಇಡಬಹುದು. ವಿಂಡೋಸ್ ಹೊಸದರಲ್ಲಿ, ಸಾಮಾನು ಹಳೆಯದರಲ್ಲಿ.

ಎಷ್ಟು ಜಿಬಿ?

ಅಂಗಡಿಯಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ ಇದು: ಅದೇ ಹಣಕ್ಕೆ 1 ಟಿಬಿ ಹಾರ್ಡ್ ಡಿಸ್ಕ್ ಬರುತ್ತದೆ, 250 ಜಿಬಿ ಎಸ್‌ಎಸ್‌ಡಿ ಏಕೆ? ಹಿರಿಯರಿಗೆ ಇದು ನ್ಯಾಯವಾದ ಮಾತಾಗಿಯೇ ಕಾಣುತ್ತದೆ. ನಾಲ್ಕು ಪಟ್ಟು ಜಾಗ ಬಿಟ್ಟು ಚಿಕ್ಕದನ್ನು ತರುವುದು ಯಾವ ಬುದ್ಧಿವಂತಿಕೆ?

ಮನೆಯಲ್ಲಿ ಈಗ ಎಷ್ಟು ಜಾಗ ತುಂಬಿದೆ ಎಂದು ನೋಡಿ ಉತ್ತರ ಕೊಡಬೇಕು. ವಿಂಡೋಸ್ ಮತ್ತು ನಮಗೆ ಬೇಕಾದ ಸಾಫ್ಟ್‌ವೇರ್ ಎಲ್ಲ ಸೇರಿ ಹೆಚ್ಚೆಂದರೆ ಅರುವತ್ತು ಎಪ್ಪತ್ತು ಜಿಬಿ. ಟಿಪ್ಪಣಿ, ಪಿಡಿಎಫ್, ಪ್ರಾಜೆಕ್ಟ್ ಎಲ್ಲ ಸೇರಿಸಿದರೂ ಹತ್ತು ಜಿಬಿ ದಾಟುವುದು ಕಷ್ಟ. ಉಳಿದದ್ದು ಫೋಟೊ, ವಿಡಿಯೊ, ಮತ್ತು ನಿಜ ಹೇಳಬೇಕೆಂದರೆ ಸಿನಿಮಾ. ಫೋಟೊ, ವಿಡಿಯೊಗಳಿಗೆ ವೇಗ ಬೇಕಿಲ್ಲ, ಅವು ಹಳೆಯ ಡಿಸ್ಕಿನಲ್ಲೇ ಇರಲಿ.

ನನ್ನ ಲೆಕ್ಕದಲ್ಲಿ 128 ಜಿಬಿ ಬೇಡ. ಇಂದು ಸಾಕೆನಿಸಿದರೂ ಎರಡು ವರ್ಷದಲ್ಲಿ ತುಂಬುತ್ತದೆ, ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ. ಯಾವಾಗಲೂ ಹತ್ತಿಪ್ಪತ್ತು ಪರ್ಸೆಂಟ್ ಖಾಲಿ ಇರಬೇಕು. ಓದಿಗೆ ಮಾತ್ರವಾದರೆ, ಹಳೆಯ ಡಿಸ್ಕನ್ನೂ ಜೊತೆಗೆ ಇಟ್ಟುಕೊಳ್ಳಲು ಸಾಧ್ಯವಾದರೆ, 250 ಜಿಬಿ ಸಾಕು. ಒಂದೇ ಡಿಸ್ಕಿಗೆ ಜಾಗವಿರುವ ಡಬ್ಬಿಗೆ, ಅಣ್ಣ ತಂಗಿ ಎಲ್ಲರೂ ಬಳಸುವ ಮನೆಗೆ 500 ಜಿಬಿ ಸರಿಯಾದ ಅಳತೆ. 1 ಟಿಬಿ ಎಸ್‌ಎಸ್‌ಡಿ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಿಲ್ಲ. ಬೆಲೆ ವಾರವಾರ ಏರಿಳಿಯುವುದರಿಂದ ರೂಪಾಯಿ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಬೆಲೆಯನ್ನು ಜಿಬಿಯಿಂದ ಭಾಗಿಸಿ ನೋಡಿದರೆ ಯಾವುದು ಲಾಭವೆಂದು ನಿಮಗೇ ತಿಳಿಯುತ್ತದೆ.

ಇನ್ನೊಂದು ಮಾತು. 500 ಜಿಬಿಯ ಡಿಸ್ಕ್ ಹಾಕಿದ ಮೇಲೆ ವಿಂಡೋಸ್ 465 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ ಇದೆ, ಅಳತೆಗೋಲು ಬೇರೆ.

ನಿಜವಾದ ಮೋಸ ಇನ್ನೊಂದಿದೆ. ಹೆಸರು ಕೇಳದ ಕಂಪನಿಯ, ನಂಬಲಾಗದಷ್ಟು ಅಗ್ಗದ 2 ಟಿಬಿ ಡಿಸ್ಕುಗಳು ಆನ್‌ಲೈನ್‌ನಲ್ಲಿ ಕಾಣುತ್ತವೆ. ಕೆಲವುದರೊಳಗೆ ಚಿಕ್ಕ ಮೆಮೊರಿ ಕಾರ್ಡ್ ಇಟ್ಟು, ದೊಡ್ಡದೆಂದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ತುಂಬಿದ ಮೇಲೆ ಫೈಲುಗಳು ಮಾಯ. ಹೊಸ ಡಿಸ್ಕ್ ಬಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಪೂರ್ತಿ ಜಾಗ ಬರೆದು ಓದಿ ನೋಡಿದರೆ ಬಣ್ಣ ಬಯಲಾಗುತ್ತದೆ. ಬಿಲ್ಲು ಮತ್ತು ವಾರಂಟಿ ಇಲ್ಲದ ಡಿಸ್ಕ್ ಕೊಳ್ಳಬೇಡಿ. ಬಳಸಿದ ಎಸ್‌ಎಸ್‌ಡಿಯಂತೂ ಬೇಡವೇ ಬೇಡ.

ಎದುರು ವಾದಗಳು

"ಎಸ್‌ಎಸ್‌ಡಿ ಬೇಗ ಸವೆಯುತ್ತದೆ" ಎನ್ನುವವರಿದ್ದಾರೆ. ಸವೆಯುವುದು ನಿಜ, ಬೇಗ ಎಂಬುದು ನಿಜವಲ್ಲ. ಪ್ರತಿ ಡಿಸ್ಕಿಗೂ ಟಿಬಿಡಬ್ಲ್ಯು ಎಂಬ ಸಂಖ್ಯೆ ಇರುತ್ತದೆ, ಅಂದರೆ ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ತಯಾರಕರ ಹೊಣೆ ಎಂದು. ಕ್ರೂಶಿಯಲ್ ಎಂಎಕ್ಸ್500ರ 500 ಜಿಬಿ ಡಿಸ್ಕಿಗೆ ಅದು 180, ಸ್ಯಾಮ್‌ಸಂಗ್ 870 ಇವೊದ 500 ಜಿಬಿ ಡಿಸ್ಕಿಗೆ 300. ನಾವು ದಿನಕ್ಕೆ 20 ಜಿಬಿ ಬರೆಯುತ್ತೇವೆಂದು ಇಟ್ಟುಕೊಳ್ಳಿ, ಅದು ನಮ್ಮಂಥವರಿಗೆ ಬಹಳ ಹೆಚ್ಚಾಯಿತು. ವರ್ಷಕ್ಕೆ 7.3 ಟಿಬಿ. 180ನ್ನು ಅದರಿಂದ ಭಾಗಿಸಿದರೆ 24 ವರ್ಷ ದಾಟುತ್ತದೆ. ಅಷ್ಟರಲ್ಲಿ ನಮ್ಮ ಮಕ್ಕಳು ಪಿಯುಸಿ ಓದುತ್ತಿರಬಹುದು. ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ ಎಂಬ ಎರಡು ಬಗೆಯಲ್ಲಿ, ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಹೆಚ್ಚು ಬಾಳುತ್ತದೆ, ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿ ಅಗ್ಗ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಟಿಎಲ್‌ಸಿ ಕೇಳಿ.

"ಎಸ್‌ಎಸ್‌ಡಿ ಹೇಳದೆ ಕೇಳದೆ ಸಾಯುತ್ತದೆ" ಎಂಬ ಮಾತಿನಲ್ಲಿ ಸತ್ಯವಿದೆ. ಹಾರ್ಡ್ ಡಿಸ್ಕ್ ಕೆಡುವ ಮೊದಲು ಅನೇಕ ಸಲ ಟಕ್ ಟಕ್ ಎಂದು ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿಗೆ ಆ ಸೌಜನ್ಯ ಕಡಿಮೆ. ಅಳಿಸಿಹೋದ ಫೈಲನ್ನು ಅದರಿಂದ ಮರಳಿ ಪಡೆಯುವುದೂ ಕಷ್ಟ. ಆದರೆ ಇದಕ್ಕೆ ಪರಿಹಾರ ಹಾರ್ಡ್ ಡಿಸ್ಕಿಗೆ ಅಂಟಿಕೊಳ್ಳುವುದಲ್ಲ, ಎರಡನೆಯ ಪ್ರತಿ ಇಟ್ಟುಕೊಳ್ಳುವುದು. ತೆಗೆದ ಹಾರ್ಡ್ ಡಿಸ್ಕಿಗೆ ಒಂದು ಯುಎಸ್‌ಬಿ ಕವಚ ಹಾಕಿದರೆ ಅದೇ ಬ್ಯಾಕಪ್ ಆಗುತ್ತದೆ. ಶುಕ್ರವಾರಕ್ಕೊಮ್ಮೆ ಪ್ರಾಜೆಕ್ಟ್ ಫೈಲುಗಳನ್ನು ಅದಕ್ಕೆ ನಕಲು ಮಾಡಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಇಂಥವು ಮೂರನೆಯ ಕಡೆಯಲ್ಲೂ ಇರಲಿ. ನನ್ನ ಮಟ್ಟಿಗೆ ಡಿಸ್ಕಿನ ಬಜೆಟ್ ಎಂದರೆ ಡಿಸ್ಕ್ ಮತ್ತು ಬ್ಯಾಕಪ್ ಎರಡರ ಬಜೆಟ್. ದೊಡ್ಡ ಎಸ್‌ಎಸ್‌ಡಿಗೆ ಎಲ್ಲ ಹಣ ಸುರಿದು ಕವಚಕ್ಕೆ ಉಳಿಸದಿರುವುದು ತಪ್ಪು ಲೆಕ್ಕ.

ಎಲ್ಲಕ್ಕಿಂತ ಗಟ್ಟಿಯಾದ ಎದುರು ವಾದ ಇದು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸತು ಬೇಕು, ಟಿಪಿಎಂ 2.0 ಬೇಕು. ನಮ್ಮ ಡಬ್ಬಿಗಳಲ್ಲಿ ಹೆಚ್ಚಿನವು ನಾಲ್ಕರಿಂದ ಏಳನೆಯ ತಲೆಮಾರಿನವು. ಸಾಯುವ ಯಂತ್ರಕ್ಕೆ ಹೊಸ ಡಿಸ್ಕ್ ಏಕೆ?

ಈ ವಾದವನ್ನು ತಳ್ಳಿಹಾಕಲಾಗದು, ಆದರೆ ಉತ್ತರವಿದೆ. ಲಿನಕ್ಸ್ ಮಿಂಟ್ ಅಥವಾ ಉಬುಂಟು ಇಂಥ ಯಂತ್ರಗಳಲ್ಲಿ ಚೆನ್ನಾಗಿ ಓಡುತ್ತದೆ, ಉಚಿತ, ಸುರಕ್ಷತಾ ಅಪ್‌ಡೇಟ್‌ಗಳೂ ಬರುತ್ತವೆ. ಪೈಥಾನ್, ಮೈಎಸ್‌ಕ್ಯೂಎಲ್, ಲಿಬ್ರೆ ಆಫೀಸ್, ಬ್ರೌಸರ್, ಯೂನಿಕೋಡ್ ಕನ್ನಡ ಟೈಪಿಂಗ್ ಎಲ್ಲವೂ ಅದರಲ್ಲಿವೆ. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಉಬುಂಟು ಆಧಾರದ ವ್ಯವಸ್ಥೆಯಲ್ಲೇ ಕಲಿಯುತ್ತಿದ್ದಾರೆ. ಟ್ಯಾಲಿ ಮಾತ್ರ ವಿಂಡೋಸ್ ಕೇಳುತ್ತದೆ, ಆದ್ದರಿಂದ ಕಾಮರ್ಸ್ ವಿದ್ಯಾರ್ಥಿಗಳು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಎಂಟನೆಯ ತಲೆಮಾರಿನದನ್ನೇ ಹುಡುಕುವುದು ಒಳ್ಳೆಯದು. ಎರಡನೆಯದಾಗಿ, ಡಿಸ್ಕ್ ಡಬ್ಬಿಯೊಂದಿಗೆ ಸಾಯುವುದಿಲ್ಲ. ನಾಳೆ ಬೇರೆ ಯಂತ್ರ ಬಂದರೆ ಅದಕ್ಕೆ ಹಾಕಬಹುದು, ಇಲ್ಲವೇ ಕವಚದಲ್ಲಿಟ್ಟು ಪೆನ್‌ಡ್ರೈವ್‌ನಂತೆ ಬಳಸಬಹುದು. ಪ್ರೊಸೆಸರಿಗೆ ಹಾಕಿದ ಹಣ ಅಲ್ಲೇ ಉಳಿಯುತ್ತದೆ, ಡಿಸ್ಕಿಗೆ ಹಾಕಿದ ಹಣ ನಮ್ಮ ಜೊತೆ ಬರುತ್ತದೆ.

ಮೂಲ ವಿಂಡೋಸ್ ಇದ್ದವರು ಇನ್ನೊಂದು ವಿಷಯ ತಿಳಿದಿರಲಿ. ವಿಂಡೋಸ್ 10 ಮತ್ತು 11ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗೆ ಅಲ್ಲ. ಡಿಸ್ಕ್ ಬದಲಿಸಿ ಅದೇ ಆವೃತ್ತಿ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. "ಹೊಸ ಡಿಸ್ಕಿಗೆ ಹೊಸ ವಿಂಡೋಸ್" ಎಂದು ಹಣ ಕೇಳಿದರೆ ಕೊಡಬೇಡಿ.

"ಮೊಬೈಲ್ ಇದೆಯಲ್ಲ, ಸಾಲದೆ?" ಎಂಬುದು ಕೊನೆಯ ವಾದ. ಪಾಠ ಕೇಳಲು ಸಾಕು, ಪಾಠ ಮಾಡಿ ತೋರಿಸಲು ಸಾಲದು. ಪ್ರೋಗ್ರಾಂ ಬರೆಯಲು, ಪ್ರಾಜೆಕ್ಟ್ ವರದಿ ತಯಾರಿಸಲು, ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ ನೂರಾರು ಕಾಲೇಜುಗಳ ಪಟ್ಟಿಯನ್ನು ಕ್ರಮವಾಗಿ ಜೋಡಿಸಲು ದೊಡ್ಡ ಪರದೆ, ಕೀಬೋರ್ಡ್ ಬೇಕು. ಹುಡುಗರಾದರೆ ಸೈಬರ್ ಸೆಂಟರಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರಬಹುದು. ನಮ್ಮ ತರಗತಿಯ ಹುಡುಗಿಯರಲ್ಲಿ ಅನೇಕರಿಗೆ ಮನೆಯ ಡಬ್ಬಿಯೇ ಎಲ್ಲ. ಮಗ್ರಿಬ್ ಮುಗಿದು ಇಶಾ ಆಗುವವರೆಗಿನ ಸುಮಾರು ಒಂದು ಗಂಟೆಯಲ್ಲಿ ಅಕ್ಕ, ತಮ್ಮ, ತಂಗಿ ಮೂವರೂ ಅದನ್ನೇ ಹಂಚಿಕೊಳ್ಳಬೇಕು. ಅಕ್ಕನ ಪಾಲಿಗೆ ಬರುವ ಇಪ್ಪತ್ತು ನಿಮಿಷದಲ್ಲಿ ಎಂಟು ನಿಮಿಷ ತಿರುಗುವ ಚಕ್ರ ನೋಡುವುದರಲ್ಲೇ ಹೋದರೆ, ಅವಳು ನಾಲ್ಕು ದಿನ ನೋಡಿ ಐದನೆಯ ದಿನ ಬಿಟ್ಟುಬಿಡುತ್ತಾಳೆ. ಆಮೇಲೆ ನಾವು ಹೇಳುತ್ತೇವೆ, ಅವಳಿಗೆ ಕಂಪ್ಯೂಟರಿನಲ್ಲಿ ಆಸಕ್ತಿ ಇಲ್ಲ ಎಂದು. ಡಿಸ್ಕಿನ ಪ್ರಶ್ನೆ ನನಗೆ ಮುಖ್ಯವೆನಿಸುವುದು ಇಲ್ಲಿಯೇ.

ಹಳೆಯ ಡಿಸ್ಕ್ ಒಂದು ಅಮಾನತ್

ಹೊಸದು ಬಂದ ಮೇಲೆ ಹಳೆಯದನ್ನು ನಾವು ಮರೆಯುತ್ತೇವೆ. ಕೆಲವರು ಅಂಗಡಿಯಲ್ಲೇ ಬಿಟ್ಟುಬರುತ್ತಾರೆ, ಕೆಲವರು ಗುಜರಿಗೆ ಹಾಕುತ್ತಾರೆ. ಅದರೊಳಗೆ ಏನಿದೆ ಎಂದು ಒಮ್ಮೆ ಯೋಚಿಸಿ. ಅಬ್ಬಾನ ಪಾಸ್‌ಪೋರ್ಟ್ ಪ್ರತಿ, ಎಲ್ಲರ ಆಧಾರ್, ಬ್ಯಾಂಕ್ ಪುಸ್ತಕದ ಸ್ಕ್ಯಾನ್, ಅಕ್ಕನ ನಿಕಾಹ್‌ನ ಫೋಟೊಗಳು. ಮನೆಯವರು ನಮ್ಮನ್ನು ನಂಬಿ ಆ ಕಂಪ್ಯೂಟರಿನಲ್ಲಿ ಇಟ್ಟ ವಸ್ತುಗಳು ಅವು. ಅದು ಅಮಾನತ್.

ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳು ಅಳಿಯುವುದಿಲ್ಲ. ಪುಸ್ತಕದ ಪರಿವಿಡಿ ಹರಿದಂತೆ ಅಷ್ಟೇ, ಪುಟಗಳು ಹಾಗೇ ಇರುತ್ತವೆ. ಉಚಿತ ಸಾಫ್ಟ್‌ವೇರ್ ಇದ್ದರೆ ಯಾರು ಬೇಕಾದರೂ ಮರಳಿ ತೆಗೆಯಬಹುದು. ಹಾರ್ಡ್ ಡಿಸ್ಕಾದರೆ ಫಾರ್ಮ್ಯಾಟ್ ಮಾಡುವಾಗ ಕ್ವಿಕ್ ಎಂಬ ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಎಸ್‌ಎಸ್‌ಡಿಯಾದರೆ ತಯಾರಕರ ಸಾಫ್ಟ್‌ವೇರ್‌ನ ಸೆಕ್ಯೂರ್ ಇರೇಸ್ ಬಳಸಿ. ಕೆಟ್ಟುಹೋದ ಡಿಸ್ಕನ್ನು ತಟ್ಟೆ ಒಡೆದ ಮೇಲೆಯೇ ಇ-ತ್ಯಾಜ್ಯಕ್ಕೆ ಕೊಡಿ. ಬದಲಾವಣೆಗೆ ಅಂಗಡಿಗೆ ಕೊಟ್ಟರೂ ಹಳೆಯ ಡಿಸ್ಕನ್ನು ಕೇಳಿ ಮರಳಿ ತನ್ನಿ.

ಮನೆಯಲ್ಲೇ ಬದಲಿಸುವವರಿಗೆ ಕ್ರಮ ಸುಲಭ. ಮೊದಲು ಎಲ್ಲ ಫೈಲು ಬೇರೆ ಕಡೆ ನಕಲು, ಆಮೇಲೆ ಸ್ಕ್ರೂಡ್ರೈವರ್. ವೈರು ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ನಂತರ ಮುಚ್ಚಳ ತೆಗೆಯಿರಿ. ಹಳೆಯ ವ್ಯವಸ್ಥೆಯನ್ನೇ ಹಾಗೇ ಹೊಸದಕ್ಕೆ ಸಾಗಿಸಲು ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಆದರೆ ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಅದು ತಕರಾರು ಮಾಡುತ್ತದೆ. ವರ್ಷಗಳ ಕಸ ತುಂಬಿದ ಯಂತ್ರಕ್ಕೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಒಳ್ಳೆಯದು.

ಕಾಲೇಜಿಗೆ ಒಂದು ಮನವಿ

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲೂ ಇದೇ ಕಥೆ. ಪ್ರಾಕ್ಟಿಕಲ್ ಅವಧಿಯ ಮೊದಲ ಹತ್ತು ನಿಮಿಷ ಯಂತ್ರಗಳು ಏಳುವುದಕ್ಕೇ ಹೋಗುತ್ತದೆ. ಎಲ್ಲವನ್ನೂ ಬದಲಿಸಿ ಎಂದು ಆಡಳಿತ ಮಂಡಳಿಯನ್ನು ಕೇಳುವುದು ಸುಲಭ, ಆದರೆ ಅದು ನ್ಯಾಯವಲ್ಲ. ಬದಲಿಗೆ ಒಂದೇ ಒಂದು ಯಂತ್ರಕ್ಕೆ 250 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಪಕ್ಕದ ಯಂತ್ರದೊಂದಿಗೆ ಒಂದು ತಿಂಗಳು ಹೋಲಿಸಿ ನೋಡಲಿ. ಆನ್ ಆಗುವ ಸಮಯವನ್ನು ನಾವು ವಿದ್ಯಾರ್ಥಿಗಳೇ ದಿನವೂ ಬರೆದಿಡುತ್ತೇವೆ. ಲೆಕ್ಕ ನಮ್ಮ ಪರವಾಗಿ ಬಂದರೆ ಮಾತ್ರ ಉಳಿದವನ್ನು ಹಂತಹಂತವಾಗಿ ಬದಲಿಸಲಿ.

ಎರಡನೆಯ ಮನವಿ ಹಳೆಯ ವಿದ್ಯಾರ್ಥಿಗಳಿಗೆ. ಊರಿನಲ್ಲೂ ಗಲ್ಫ್‌ನಲ್ಲೂ ಇರುವ ನೀವು ಪ್ರತಿ ವರ್ಷ ಪುಸ್ತಕ, ಬ್ಯಾಗು, ಶುಲ್ಕಕ್ಕೆ ನೆರವಾಗುತ್ತೀರಿ, ಅಲ್ಲಾಹನು ನಿಮಗೆ ಒಳಿತು ಮಾಡಲಿ. ಈ ಸಲ ಆ ಪಟ್ಟಿಗೆ ಕೆಲವು ಡಿಸ್ಕುಗಳನ್ನೂ ಸೇರಿಸಿ. ಲ್ಯಾಪ್‌ಟಾಪ್ ಒಂದರ ಬೆಲೆಯಲ್ಲಿ ಹಲವು ಮನೆಗಳ ಕಂಪ್ಯೂಟರ್ ಮತ್ತೆ ಎದ್ದು ನಿಲ್ಲುತ್ತವೆ. ಹಾಕಿಕೊಡುವ ಕೆಲಸ ನಮ್ಮದು. ರಜೆಯ ಮೊದಲು ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನ ಮೇಜುಗಳನ್ನು ಬಿಟ್ಟುಕೊಟ್ಟರೆ, ಹುಡುಗರಿಗೊಂದು, ಹುಡುಗಿಯರಿಗೊಂದು ಸರದಿ ಮಾಡಿ, ಡಬ್ಬಿ ತಂದವರಿಗೆಲ್ಲ ಅವರ ಕೈಯಿಂದಲೇ ಬದಲಿಸುವುದನ್ನು ಕಲಿಸಬಹುದು. ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರು ಮುಂದೆ ನಿಂತರೆ ನಾವು ಹತ್ತು ಮಂದಿ ಹಿಂದೆ ನಿಲ್ಲಲು ತಯಾರಿದ್ದೇವೆ.

ಅಷ್ಟರವರೆಗೆ, ಗೆಳೆಯರೇ, ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಯಂತ್ರದ ಮಾಡೆಲ್, ಅದರಲ್ಲಿರುವ ಸ್ಲಾಟ್, ನಮಗೆ ಬೇಕಾದ ಜಿಬಿ, ಬ್ಯಾಕಪ್‌ಗೆ ಉಳಿಸಿದ ಹಣ. ಈ ನಾಲ್ಕು ಸಾಲು ಕೈಯಲ್ಲಿದ್ದರೆ ಯಾವ ದೊಡ್ಡ ಸಂಖ್ಯೆಯೂ ನಿಮ್ಮ ಅಬ್ಬಾನ ಜೇಬಿನಿಂದ ಅನಗತ್ಯವಾಗಿ ಒಂದು ರೂಪಾಯಿ ಎಳೆಯಲಾರದು.